ಉತ್ತರ ತಲುಪದ ಓದುಗ

ಬಾಳ ಠಾಕ್ರೆಯವರು 1960ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಆರಂಭಿಸಿದ 'ಮಾರ್ಮಿಕ' ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆ ಆ ದಶಕದ ನಡುವಿನಲ್ಲಿ ಒಂದು ವಿಚಿತ್ರವಾದ ಅಂಕಣವನ್ನು ನಡೆಸುತ್ತಿತ್ತು. ಅಂಕಣದ ತಿರುಳೆಂದರೆ ನಗರದ ಕಂಪನಿಗಳಲ್ಲಿಯೂ ಕಚೇರಿಗಳಲ್ಲಿಯೂ ಮೇಲಿನ ಹುದ್ದೆಗಳಲ್ಲಿದ್ದವರ ಹೆಸರುಗಳ ಪಟ್ಟಿ. ವಾದ, ವಿವರಣೆಗಳ ಗೊಡವೆಯೇ ಅದಕ್ಕೆ ಬೇಕಿರಲಿಲ್ಲ. ಹೊರಗಿನಿಂದ ಬಂದವರ, ಅದರಲ್ಲೂ ದಕ್ಷಿಣದವರ ಹೆಸರುಗಳು ಅಲ್ಲಿ ಎದ್ದು ಕಾಣುತ್ತಿದ್ದವು. ಪಟ್ಟಿಯ ಮೇಲೆ 'ವಾಚಾ ಆಣಿ ಥಂಡ ಬಸಾ', ಅಂದರೆ ಓದಿ ತಣ್ಣಗೆ ಕೂತಿರಿ ಎಂಬ ಚುಚ್ಚುಮಾತಿನ ತಲೆಬರಹವಿತ್ತು; ಕೆಲಕಾಲದ ನಂತರ ಅದು 'ವಾಚಾ ಆಣಿ ಉಠಾ' ಎಂದು ಬದಲಾಯಿತು, ಓದಿ ಎದ್ದೇಳಿ ಎಂದು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿಕೊಂಡಿತು. ಲುಂಗಿ ಉಟ್ಟವರನ್ನು ಓಡಿಸಿ ಎಂಬ ಘೋಷಣೆ ಬೀದಿಗೆ ಬಂದದ್ದೂ ಉಡುಪಿ ಹೋಟೆಲುಗಳ ಗಾಜುಗಳಿಗೆ ಕಲ್ಲು ಬಿದ್ದದ್ದೂ ಆ ಕಾಲದಲ್ಲೇ.

ಆ ಅಂಕಣಕ್ಕೆ ಹೆಸರುಗಳನ್ನು ಕಟ್ಟುಕಥೆಯಾಗಿ ಹೆಣೆಯುವ ಅಗತ್ಯವೇ ಇರಲಿಲ್ಲ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಚೇರಿಗಳಲ್ಲಿ ಅಂಥ ಹೆಸರಿನವರು ನಿಜವಾಗಿಯೂ ಇದ್ದರು. ಓದಿದ ಮರಾಠಿ ತರುಣರಿಗೆ ಗುಮಾಸ್ತಿಕೆಯ ಕೆಲಸವೂ ಸಿಗುತ್ತಿರಲಿಲ್ಲವೆಂಬ ಅಸಮಾಧಾನವೂ ಹುಸಿಯಲ್ಲ. ಆದರೆ ಪಟ್ಟಿಗೆ ಸೇರದೆ ಉಳಿದ ಸಂಗತಿಗಳು ಬಹಳ ಇದ್ದವು. ದಕ್ಷಿಣದ ನಾಲ್ಕು ಭಾಷೆಗಳನ್ನಾಡುವವರೆಲ್ಲರನ್ನೂ ಒಟ್ಟು ಸೇರಿಸಿದರೂ 1961ರ ಜನಗಣತಿಯಲ್ಲಿ ಅವರು ನಗರದ ಹತ್ತನೆಯ ಒಂದು ಭಾಗದಷ್ಟೂ ಇರಲಿಲ್ಲ. ಇಂಗ್ಲಿಷ್ ಟೈಪಿಂಗು, ಶಾರ್ಟ್‌ಹ್ಯಾಂಡ್ ಕಲಿತವರಿಗೆ ಮಣೆ ಹಾಕುವ ನೇಮಕಾತಿಯ ಪದ್ಧತಿಯನ್ನು ರೂಪಿಸಿದ್ದು ಬ್ರಿಟಿಷರ ಕಾಲದಿಂದ ನಡೆದುಬಂದ ಕಂಪನಿಗಳು. ಒಬ್ಬ ಮ್ಯಾನೇಜರನ ಹೆಸರು ಅಚ್ಚಾಗುವಲ್ಲಿ, ಹೋಟೆಲಿನ ಹಿಂಬದಿಯಲ್ಲಿ ಗ್ಲಾಸು ತೊಳೆದು, ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದ ದಕ್ಷಿಣ ಕನ್ನಡದ ನೂರಾರು ಮಾಣಿಗಳ ಹೆಸರಿಗೆ ಜಾಗವಿರಲಿಲ್ಲ.

ನನ್ನ ದೊಡ್ಡಪ್ಪ ಅಂಥ ಮಾಣಿಗಳಲ್ಲಿ ಒಬ್ಬರಾಗಿದ್ದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಮುಂದೆ ಗುಮಾಸ್ತರಾದವರು. ಮರಾಠಿಯನ್ನು ಕನ್ನಡದಷ್ಟೇ ಸರಾಗವಾಗಿ ಓದುತ್ತಿದ್ದರು. ಆ ವರ್ಷಗಳ ಬಗ್ಗೆ ಕೇಳಿದಾಗಲೆಲ್ಲ ಅವರು ಕಲ್ಲೆಸೆತದ ಮಾತನ್ನು ಬೇಗ ಮುಗಿಸಿ ಬೇರೊಂದನ್ನು ಹೇಳುತ್ತಿದ್ದರು: "ನೋಡು ಮಗಾ, ಆ ಪಟ್ಟಿಗೆ ಉತ್ತರ ಕೊಡಲಿಕ್ಕೆ ನಮ್ಮಲ್ಲಿ ಬುದ್ಧಿವಂತರು ಬೇಕಾದಷ್ಟು ಜನ ಇದ್ದರು. ಒಳ್ಳೊಳ್ಳೆಯ ಉತ್ತರ ಬರೆದರು ಕೂಡ. ಬರೆದದ್ದು ಎಲ್ಲಿ? ಕನ್ನಡದ ಪತ್ರಿಕೆಯಲ್ಲಿ, ಸಂಘದ ಮಾಸಿಕದಲ್ಲಿ. ಓದಿದ್ದು ಯಾರು? ನಾವೇ. ನಮಗೆ ನಾವೇ ಉತ್ತರ ಕೊಟ್ಟುಕೊಂಡದ್ದಾಯಿತು."

ಪ್ರಚಾರದ ಬಗ್ಗೆ ನಂತರ ನಾನು ಓದಿದ ದೊಡ್ಡ ದೊಡ್ಡ ವಿವರಣೆಗಳೆಲ್ಲ ಈ ಮಾತಿನ ಸುತ್ತಲೇ ಬಂದು ನಿಲ್ಲುತ್ತವೆ. ಪ್ರಚಾರವೆಂದರೆ ಸುಳ್ಳು, ಸುಳ್ಳನ್ನು ಪತ್ತೆಹಚ್ಚಿಬಿಟ್ಟರೆ ಜನ ಎಚ್ಚೆತ್ತುಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ ಇಂದಿನ ಸತ್ಯಶೋಧನೆಯ ಇಡೀ ಉದ್ಯಮ ನಿಂತಿದೆ. ಆ ಕೆಲಸ ಮಾಡುವವರ ಮೇಲೆ ನನಗೆ ಗೌರವವಿದೆ. ಆದರೆ ಒಂದು ಪಟ್ಟಿಯ ಪ್ರತಿಯೊಂದು ಹೆಸರೂ ಪರೀಕ್ಷೆಯಲ್ಲಿ ಗೆದ್ದು, ಒಟ್ಟು ಪಟ್ಟಿ ಮಾತ್ರ ಜನರನ್ನು ದಾರಿತಪ್ಪಿಸುವುದಾದರೆ ಆ ಪರೀಕ್ಷೆಯಿಂದ ಬಂದ ಭಾಗ್ಯವೇನು? ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಈ ಮಾತಿಗೆ ಒಂದು ಉತ್ತರವಿದ್ದದ್ದೇ ಆದರೆ, ಆ ಉತ್ತರ ಇದೇ ಓದುಗನ ಕೈಗೆ, ಇನ್ನೂ ಹೊತ್ತು ಮೀರಿಲ್ಲದಾಗ, ತಲುಪುವ ದಾರಿ ಇದೆಯೇ? ದಾರಿ ಇದ್ದಲ್ಲಿ ಎಂಥ ಜೋರಿನ ಪ್ರಚಾರವನ್ನೂ ಪ್ರಜಾಪ್ರಭುತ್ವ ಅರಗಿಸಿಕೊಂಡೀತು. ದಾರಿ ಮುಚ್ಚಿದಲ್ಲಿ ನಿಜವಾದ ಸಂಗತಿಗಳೂ ವಿಷವಾಗುತ್ತವೆ.

ಜನರ ಒಪ್ಪಿಗೆಯ ಮೇಲೆ ನಡೆಯುವ ಸರ್ಕಾರಗಳಿಗೇ ಪ್ರಚಾರದ ಅಗತ್ಯ ಹೆಚ್ಚು ಎಂಬುದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು ಅಮೆರಿಕ. ದೇಶವನ್ನು ಯುದ್ಧದಿಂದ ಹೊರಗಿಟ್ಟವರು ಎಂಬ ಘೋಷಣೆಯ ಬಲದಿಂದ 1916ರ ಚುನಾವಣೆಯಲ್ಲಿ ಮರಳಿ ಗೆದ್ದ ವುಡ್ರೋ ವಿಲ್ಸನ್ 1917ರ ಏಪ್ರಿಲ್‌ನಲ್ಲಿ ಅದೇ ದೇಶವನ್ನು ಯುದ್ಧಕ್ಕೆ ಇಳಿಸಿದರು, ಮತ್ತು ಅದೇ ತಿಂಗಳು ಪತ್ರಕರ್ತ ಜಾರ್ಜ್ ಕ್ರೀಲ್ ಅವರ ನೇತೃತ್ವದಲ್ಲಿ ಸಾರ್ವಜನಿಕ ಮಾಹಿತಿ ಸಮಿತಿಯೊಂದನ್ನು ನೇಮಿಸಿದರು. ಸಿನಿಮಾ ಮಂದಿರಗಳಲ್ಲಿ ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವ ನಾಲ್ಕು ನಿಮಿಷಗಳ ಬಿಡುವಿನಲ್ಲಿ ಎದ್ದು ನಿಂತು ಯುದ್ಧದ ಪರವಾಗಿ ಮಾತಾಡುವ ಸುಮಾರು 75,000 ಸ್ವಯಂಸೇವಕರನ್ನು ಆ ಸಮಿತಿ ದೇಶದ ಉದ್ದಗಲಕ್ಕೂ ಸಜ್ಜುಗೊಳಿಸಿತ್ತು. ಹಾಗೆ ಮಾತಾಡಿದವನು ಹೊರಗಿನ ಅಪರಿಚಿತನಲ್ಲ, ಊರಿನವನೇ, ಗುರುತಿನ ಮುಖದವನೇ. ಪ್ರೇಕ್ಷಕನಿಗೆ ಪ್ರಶ್ನೆ ಕೇಳಲು ಪುರಸೊತ್ತಿರಲಿಲ್ಲ. ಐದನೆಯ ನಿಮಿಷಕ್ಕೆ ಚಿತ್ರ ಮತ್ತೆ ಶುರುವಾಗುತ್ತಿತ್ತು.

ಆ ಯುದ್ಧದ ಬೆನ್ನಿಗೇ ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ ಎಂಬ ಇಬ್ಬರು ಪತ್ರಕರ್ತರು ಮಾಡಿದ ಒಂದು ಅಧ್ಯಯನ ನನಗೆ ಕ್ರೀಲ್ ಸಮಿತಿಯ ಕಥೆಗಿಂತ ಮುಖ್ಯವೆನಿಸುತ್ತದೆ. 1917ರ ಮಾರ್ಚ್‌ನಲ್ಲಿ ರಷ್ಯಾದ ಕ್ರಾಂತಿ ಶುರುವಾದಂದಿನಿಂದ ಮೂರು ವರ್ಷಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ದೇಶದ ಬಗ್ಗೆ ಬರೆದ ಸುದ್ದಿಗಳನ್ನೆಲ್ಲ ಅವರು ಸಾಲುಸಾಲಾಗಿ ಓದಿ 1920ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಬೊಲ್ಶೆವಿಕ್ ಆಡಳಿತ ಬಿದ್ದುಹೋಯಿತು ಅಥವಾ ಇನ್ನೇನು ಬೀಳಲಿದೆ ಎಂಬ ಸುದ್ದಿ 1917ರ ನವೆಂಬರ್‌ನಿಂದ ಎರಡೇ ವರ್ಷಗಳಲ್ಲಿ 91 ಸಲ ಬಂದಿತ್ತು. ವರದಿಗಾರರಿಗೆ ಯಾರೂ ಲಂಚ ಕೊಟ್ಟಿರಲಿಲ್ಲ, ಸಂಪಾದಕರ ತಲೆಗೆ ಯಾರೂ ಬಂದೂಕು ಹಿಡಿದಿರಲಿಲ್ಲ. ಸುದ್ದಿಮನೆಯವರು ತಾವು ಆಗಲೆಂದು ಬಯಸಿದ್ದನ್ನು ಆಗುತ್ತಿದೆಯೆಂದು ನಂಬಿ ಬರೆದರು, ಅಷ್ಟೆ. ಪ್ರಚಾರಕನೊಬ್ಬ ಎಲ್ಲೋ ಕತ್ತಲ ಕೋಣೆಯಲ್ಲಿ ಕುಳಿತು ಸಂಚು ಹೂಡುತ್ತಾನೆಂದು ಭಾವಿಸುವವರು ಈ 91 ಸುದ್ದಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದೇ ಬಗೆಯ ಕಾಲೇಜುಗಳಲ್ಲಿ ಓದಿ, ಒಂದೇ ಬಗೆಯ ಮನೆಗಳಿಂದ ಬಂದು, ಒಂದೇ ಬಗೆಯ ಅಧಿಕಾರಿಗಳೊಡನೆ ಚಹಾ ಕುಡಿಯುವ ಜನ ಯಾವ ಸಂಚೂ ಇಲ್ಲದೆ ಒಂದೇ ಸುದ್ದಿಯನ್ನು ಬರೆಯಬಲ್ಲರು.

ಸಂಚು ಇದ್ದ ಉದಾಹರಣೆಗಳೂ ಇವೆ. 1990ರ ಅಕ್ಟೋಬರ್ 10ರಂದು ಅಮೆರಿಕದ ಸಂಸದರ ಮಾನವಹಕ್ಕು ಕೂಟವೊಂದರ ಮುಂದೆ 15 ವರ್ಷದ ಕುವೈತಿ ಹುಡುಗಿಯೊಬ್ಬಳು ಅಳುತ್ತಾ ಸಾಕ್ಷ್ಯ ಹೇಳಿದಳು: ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ ಇನ್‌ಕ್ಯುಬೇಟರುಗಳಿಂದ ಹಸುಗೂಸುಗಳನ್ನು ತೆಗೆದು ನೆಲಕ್ಕೆ ಹಾಕಿದರೆಂದು. ಅಧ್ಯಕ್ಷರೂ ಸೆನೆಟರುಗಳೂ ಆ ಮಾತನ್ನು ಮತ್ತೆ ಮತ್ತೆ ಉದ್ಧರಿಸಿದರು. 1991ರ ಜನವರಿಯಲ್ಲಿ ಇರಾಕಿನ ಮೇಲಿನ ಯುದ್ಧಕ್ಕೆ ಸೆನೆಟ್ 52–47ರ ಅಂತರದಿಂದ ಒಪ್ಪಿಗೆ ಕೊಟ್ಟಿತು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳೆಂಬುದೂ, ಆ ಸಾಕ್ಷ್ಯದ ಹಿಂದೆ ಹಿಲ್ ಆ್ಯಂಡ್ ನೋಲ್ಟನ್ ಎಂಬ ಸಾರ್ವಜನಿಕ ಸಂಪರ್ಕ ಸಂಸ್ಥೆ ಇತ್ತೆಂಬುದೂ ಜನರಿಗೆ ತಿಳಿದದ್ದು 1992ರ ಜನವರಿಯಲ್ಲಿ. ಉತ್ತರ ಬಂತು, ಆದರೆ ಬರುವಷ್ಟರಲ್ಲಿ ಯುದ್ಧ ಮುಗಿದು ಹತ್ತು ತಿಂಗಳಾಗಿತ್ತು.

ಇಷ್ಟು ಹೇಳಿದ ಮೇಲೆ ಪ್ರಚಾರವನ್ನು ಸಾರಾಸಗಟಾಗಿ ಬೈಯುವವರ ಸಾಲಿಗೆ ನನ್ನನ್ನು ಸೇರಿಸಬಾರದು. ಮಂಗಳೂರಿನಲ್ಲಿ ಹುಟ್ಟಿ, 1949ರಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದು, ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ ಮಾಡಿ, ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಮುಂಬಯಿಯಿಂದ ಸ್ಪರ್ಧಿಸಿದಾಗ ಎದುರಿಗಿದ್ದವರು ಕೇಂದ್ರ ಸಚಿವ ಎಸ್. ಕೆ. ಪಾಟೀಲ್, ನಗರದ ಮುಕುಟವಿಲ್ಲದ ದೊರೆ ಎನಿಸಿಕೊಂಡವರು. ತಮ್ಮನ್ನು ದೇವರೂ ಸೋಲಿಸಲಾರ ಎಂಬ ಧಾಟಿಯ ಮಾತು ಪಾಟೀಲರ ಬಾಯಿಂದ ಹೊರಬಿದ್ದದ್ದೇ ತಡ, ದೇವರಿಂದ ಆಗದ್ದು ನಿಮ್ಮಿಂದ ಆದೀತು ಎಂದು ಮತದಾರನಿಗೆ ಹೇಳುವ ಭಿತ್ತಿಪತ್ರಗಳು ಗೋಡೆಗಳ ಮೇಲೆ ಬಂದವು. ಫರ್ನಾಂಡಿಸ್ ಗೆದ್ದರು. ಆ ಚುನಾವಣೆಯ ಸುದ್ದಿ ಬಂದಾಗ ಹೋಟೆಲುಗಳ ಅಡುಗೆಮನೆಯವರೆಗೂ ಸಂಭ್ರಮ ಹಬ್ಬಿತ್ತೆಂದು ದೊಡ್ಡಪ್ಪ ಹೇಳುತ್ತಿದ್ದರು. ಅದೂ ಅಪ್ಪಟ ಪ್ರಚಾರವೇ: ಎದುರಾಳಿಯ ಒಂದೇ ಮಾತನ್ನು ಹೆಕ್ಕಿ, ಅವರು ಆ ತನಕ ಮಾಡಿದ ಕೆಲಸವನ್ನೆಲ್ಲ ಅದರ ಹಿಂದೆ ಮರೆಮಾಡಿದ್ದು. ಆದರೂ ನನಗೆ ಅದರಲ್ಲಿ ಅನ್ಯಾಯ ಕಾಣುವುದಿಲ್ಲ. ಹೇಳುವವರು ಯಾರೆಂಬುದು ಭಿತ್ತಿಪತ್ರದ ಮೇಲೆಯೇ ಇತ್ತು, ಮತ್ತು ಅದೇ ಬೀದಿಯ ಎದುರು ಗೋಡೆಯ ಮೇಲೆ ಉತ್ತರ ಅಂಟಿಸಲು ಪಾಟೀಲರಿಗೆ ಹಣಕ್ಕೂ ಆಳಿಗೂ ಕೊರತೆ ಇರಲಿಲ್ಲ.

ಮುಂಬಯಿಯ ಕನ್ನಡಿಗನಿಗೆ ಈ ವಿಷಯದಲ್ಲಿ ಯಾವ ವಿಶ್ವವಿದ್ಯಾಲಯವೂ ಕೊಡಲಾರದ ಒಂದು ಪಾಠಶಾಲೆ ಸಿಕ್ಕಿದೆ, ಅದು ಬೆಳಗಾವಿಯ ಗಡಿವಿವಾದ. ಮಾಟುಂಗಾದಲ್ಲಿ ನಾನು ಬೆಳಗಿನ ಕಾಫಿಗೆ ಹೋಗುವ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಒಂದು ಕನ್ನಡ ಪತ್ರಿಕೆ, ಒಂದು ಮರಾಠಿ ಪತ್ರಿಕೆ ಒಂದರ ಮೇಲೊಂದು ಬಿದ್ದಿರುತ್ತವೆ. 2022ರ ಡಿಸೆಂಬರ್‌ನಲ್ಲಿ ಬಸ್ಸುಗಳಿಗೆ ಮಸಿ ಬಳಿಯುವ ಮಟ್ಟಕ್ಕೆ ವಿವಾದ ಏರಿ, 22ರಂದು ಕರ್ನಾಟಕದ ವಿಧಾನಮಂಡಲವೂ 27ರಂದು ಮಹಾರಾಷ್ಟ್ರದ ವಿಧಾನಮಂಡಲವೂ ನಿರ್ಣಯ ಅಂಗೀಕರಿಸಿದ ದಿನಗಳಲ್ಲಿ ನಾನು ಎರಡನ್ನೂ ಅಕ್ಕಪಕ್ಕ ಹರಡಿಕೊಂಡು ಓದುತ್ತಿದ್ದೆ. ಎರಡರಲ್ಲೂ ಸುಳ್ಳೆಂದು ಬೆರಳಿಡಬಹುದಾದ ವಾಕ್ಯಗಳು ತೀರ ಕಡಿಮೆ. ಕನ್ನಡ ಪತ್ರಿಕೆಯ ಪ್ರತಿಯೊಂದು ವರದಿಯ ಕೊನೆಯ ಪ್ಯಾರಾದಲ್ಲಿ ಮಹಾಜನ ವರದಿಯೇ ಅಂತಿಮ ಎಂಬ ಮಾತು ಇರುತ್ತಿತ್ತು. ಮರಾಠಿ ಪತ್ರಿಕೆಯ ಪ್ರತಿಯೊಂದು ವರದಿಯಲ್ಲಿ ಮಹಾರಾಷ್ಟ್ರ ತನಗೆ ಸೇರಬೇಕೆನ್ನುವ 865 ಗ್ರಾಮಗಳ ಲೆಕ್ಕವೂ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯೂ ಇರುತ್ತಿದ್ದವು.

ಎರಡರಲ್ಲೂ ಇರದ ಸಂಗತಿಗಳನ್ನು ಹೇಳುತ್ತೇನೆ. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಬೆಳಗಾವಿ ನಗರವನ್ನು ಕರ್ನಾಟಕದಲ್ಲೇ ಉಳಿಸಿತೆಂಬುದು ನಿಜ; ಆದರೆ ನಿಪ್ಪಾಣಿ, ಖಾನಾಪುರದ ಕಡೆಯ 264 ಗ್ರಾಮಗಳು ಮಹಾರಾಷ್ಟ್ರಕ್ಕೆ ಹೋಗಬೇಕೆಂದು ಶಿಫಾರಸು ಮಾಡಿದ್ದೂ ಅದೇ ಆಯೋಗ. ಈ ಎರಡನೆಯ ಅರ್ಧವನ್ನು ನಾನು ಕನ್ನಡದ ದೈನಂದಿನ ವರದಿಗಳಲ್ಲಿ ಕಂಡದ್ದು ಅಪರೂಪ. ಇತ್ತ ಆ ಆಯೋಗ ರಚನೆಯಾದದ್ದು ಮಹಾರಾಷ್ಟ್ರದ ಒತ್ತಾಯದಿಂದ, ಸೇನಾಪತಿ ಬಾಪಟರ ಉಪವಾಸದ ನಂತರ, ಎಂಬುದನ್ನು ಮರಾಠಿ ವರದಿಗಳು ಅಷ್ಟೇ ಅಪರೂಪವಾಗಿ ನೆನೆಯುತ್ತವೆ. ಬೆಳಗಾವಿಯಲ್ಲಿ ಕುಳಿತು ಒಂದೇ ಪತ್ರಿಕೆ ಓದುವವನಿಗೂ ಕೊಲ್ಹಾಪುರದಲ್ಲಿ ಕುಳಿತು ಇನ್ನೊಂದನ್ನು ಓದುವವನಿಗೂ ತಂತಮ್ಮ ಕಡೆಯ ನ್ಯಾಯ ಹಗಲಿನಷ್ಟು ಸ್ಪಷ್ಟ, ಎದುರು ಕಡೆಯವರ ಹಟ ಅರ್ಥವೇ ಆಗದ್ದು. ಇಬ್ಬರನ್ನೂ ಯಾರೂ ಮೋಸಗೊಳಿಸಿಲ್ಲ. ಎದುರಿನವರ ಉತ್ತರ ಭಾಷೆಯ ಗಡಿ ದಾಟಿ ಬರಲಿಲ್ಲ. ಎರಡೂ ಲಿಪಿ ಬಲ್ಲ ನಮ್ಮಂಥ ಕೆಲವರು ದಾಟಿಸಬಹುದಿತ್ತಲ್ಲ ಎಂದು ಕೇಳಿದರೆ, ಆ ದಿನಗಳಲ್ಲಿ ಮುಂಬಯಿಯ ಯಾವ ಕನ್ನಡ ಸಂಘಕ್ಕೂ ಈ ವಿಷಯವನ್ನೆತ್ತುವ ಉಮೇದು ಇದ್ದಂತೆ ನನಗೆ ಕಾಣಲಿಲ್ಲ. ಅದನ್ನು ನಾನು ಹೇಡಿತನ ಎನ್ನಲಾರೆ. ಇಲ್ಲಿ ಬದುಕುವವರಿಗೆ ಇಲ್ಲಿನ ಲೆಕ್ಕಗಳಿರುತ್ತವೆ.

ತುರ್ತುಪರಿಸ್ಥಿತಿಯ ಕಾಲವನ್ನು ಇದರ ಪಕ್ಕದಲ್ಲಿಟ್ಟರೆ ಒಂದು ವ್ಯತ್ಯಾಸ ಕಾಣುತ್ತದೆ. 1975ರ ಜೂನ್ 25ರ ರಾತ್ರಿ ಅದು ಜಾರಿಯಾದ ಮೇಲೆ ಸೆನ್ಸಾರು ಬಂತು. ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಅದೇ ದಿನ ಟೈಮ್ಸ್ ಆಫ್ ಇಂಡಿಯಾದ ಮುಂಬಯಿ ಆವೃತ್ತಿಯ ನಿಧನವಾರ್ತೆಗಳ ನಡುವೆ ಪುಟ್ಟ ಜಾಹೀರಾತೊಂದು ಪ್ರಕಟವಾಯಿತು. ಡೆಮಾಕ್ರಸಿ ಎಂಬುದನ್ನು ಒಡೆದು ವ್ಯಕ್ತಿಯೊಬ್ಬರ ಹೆಸರಿನಂತೆ ಬರೆದು, ಟ್ರೂತ್ ಎಂಬಾಕೆಯ ಪತಿ, ಲಿಬರ್ಟಿಯ ತಂದೆ, ಫೇತ್, ಹೋಪ್ ಮತ್ತು ಜಸ್ಟೀಸ್‌ರ ಸಹೋದರ ಜೂನ್ 26ರಂದು ತೀರಿಕೊಂಡರೆಂದು ಅದರಲ್ಲಿತ್ತು. ಅದು ಸೆನ್ಸಾರಿನ ಕಣ್ತಪ್ಪಿಸಿ ಅಚ್ಚಾಗಿತ್ತು. ಮೀನೂ ಮಸಾನಿಯವರು ತಮ್ಮ 'ಫ್ರೀಡಂ ಫಸ್ಟ್' ಮಾಸಿಕದ ಬರಹಗಳನ್ನು ತಡೆದದ್ದರ ವಿರುದ್ಧ ಮುಂಬಯಿ ಹೈಕೋರ್ಟಿಗೆ ಹೋದರು, 1976ರಲ್ಲಿ ಗೆದ್ದರು ಕೂಡ. ಪತ್ರಿಕೆಗಳೆಲ್ಲ ಒಂದೇ ಗಾಳಿಗೆ ಹಾಯಿ ತಿರುಗಿಸಿ ಒಂದೇ ಸ್ವರದಲ್ಲಿ ಮಾತಾಡುವಂತೆ ಮಾಡುವುದು ಸೆನ್ಸಾರಿನ ಕೆಲಸವಲ್ಲವೆಂಬ ಅರ್ಥದ ಮಾತನ್ನು ನ್ಯಾಯಾಲಯ ಆ ಕಾಲದಲ್ಲಿ ಹೇಳಿತೆಂಬುದು ಸಣ್ಣ ಸಂಗತಿಯಲ್ಲ. ಆಗ ಓದುಗನಿಗೆ ಒಂದು ಅನುಕೂಲವಿತ್ತು: ಏನನ್ನೋ ಕತ್ತರಿಸಲಾಗಿದೆ ಎಂಬುದು ಅವನಿಗೆ ಗೊತ್ತಿತ್ತು. ಖಾಲಿ ಜಾಗ ಕಣ್ಣಿಗೆ ಬೀಳುತ್ತಿತ್ತು. ಸಾಮಾನ್ಯ ಕಾಲದ ಪತ್ರಿಕೆಯಲ್ಲಿ ಬಿಟ್ಟುಹೋದ ಸುದ್ದಿಯ ಜಾಗದಲ್ಲಿ ಇನ್ನೊಂದು ಸುದ್ದಿಯೋ ಜಾಹೀರಾತೋ ತುಂಬಿರುತ್ತದೆ.

ಜಾಹೀರಾತೇ ಸುದ್ದಿಯ ವೇಷದಲ್ಲಿ ಬಂದಾಗಂತೂ ಕೇಳುವುದೇ ಬೇಡ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಒಬ್ಬನೇ ನಾಯಕನ ಗುಣಗಾನದ ಒಂದೇ ಲೇಖನ, ಅಕ್ಷರವೂ ವ್ಯತ್ಯಾಸವಿಲ್ಲದಂತೆ, ಪರಸ್ಪರ ಪೈಪೋಟಿಯ ಪತ್ರಿಕೆಗಳಲ್ಲಿ ಸುದ್ದಿಯಾಗಿ ಅಚ್ಚಾದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆಳೆದರು. ಪ್ರೆಸ್ ಕೌನ್ಸಿಲ್ ನೇಮಿಸಿದ ಉಪಸಮಿತಿ 2010ರಲ್ಲಿ ಪತ್ರಿಕೆಗಳ ಹೆಸರುಗಳನ್ನೂ ಒಳಗೊಂಡ 71 ಪುಟಗಳ ವರದಿ ಸಿದ್ಧಪಡಿಸಿತು. ಕೌನ್ಸಿಲ್ ಮೊದಲಿಗೆ ಅದನ್ನು ಪಕ್ಕಕ್ಕಿಟ್ಟು ಚಿಕ್ಕ ವರದಿಯೊಂದನ್ನು ಮಾತ್ರ ಹೊರತಂದಿತು, ಪೂರ್ಣ ಪಾಠ ಹೊರಬರಲು 2011ರಲ್ಲಿ ಮಾಹಿತಿ ಆಯೋಗದ ಆದೇಶ ಬೇಕಾಯಿತು. ಕಾಸಿಗಾಗಿ ಸುದ್ದಿಯ ಬಗ್ಗೆ ಬರೆದ ವರದಿಗೇ ಸುದ್ದಿಯಾಗಲು ಅವಕಾಶ ಸಿಗಲಿಲ್ಲವೆಂದರೆ ಇನ್ನೇನು ಹೇಳುವುದು. ಮಾಧ್ಯಮ ಸಂಸ್ಥೆಗಳು ಕಂಪನಿಗಳ ಷೇರು ಪಡೆದು ಅದಕ್ಕೆ ಪ್ರತಿಯಾಗಿ ಜಾಹೀರಾತಿನ ಜಾಗ ಕೊಡುವ ಖಾಸಗಿ ಒಪ್ಪಂದಗಳ ಪದ್ಧತಿಯೂ ಆಗಲೇ ಬೆಳೆದಿತ್ತು. ಆ ಕಂಪನಿಯ ಬಗ್ಗೆ ಸುದ್ದಿ ಬರೆಯುವಾಗ ತಮಗೆ ಅದರಲ್ಲಿ ಪಾಲಿದೆಯೆಂದು ಓದುಗನಿಗೆ ತಿಳಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2010ರಲ್ಲಿ ಹೇಳಬೇಕಾಯಿತು. ಷೇರುಪೇಟೆಯಲ್ಲಿ ಹಣ ಹೂಡುವವನಿಗೆ ಸಿಕ್ಕ ಈ ರಕ್ಷಣೆ ಮತ ಹಾಕುವವನಿಗೆ ಈವರೆಗೂ ಸರಿಯಾಗಿ ಸಿಕ್ಕಿಲ್ಲ.

ಅದೇ ಮಾಟುಂಗಾದ ಹೋಟೆಲಿಗೆ ಮರಳುತ್ತೇನೆ. ಗಲ್ಲಾದ ಎದುರಿನ ಗೋಡೆಯ ಮೇಲೆ ಒಂದು ಟಿವಿ ಇದೆ, ಸದ್ದನ್ನು ಪೂರ್ತಿ ಇಳಿಸಿರುತ್ತಾರೆ, ಇಲ್ಲವಾದರೆ ಮಾಣಿಗಳ ಆರ್ಡರು ಒಳಗೆ ಕೇಳಿಸುವುದಿಲ್ಲ. ಕಿವಿಗೆ ಏನೂ ಬೀಳದಿರುವುದರಿಂದ ಗಿರಾಕಿಗಳು ತೆರೆಯ ಕೆಳಗಿನ ಕೆಂಪು ಪಟ್ಟಿಯ ಅಕ್ಷರಗಳನ್ನಷ್ಟೇ ಓದುತ್ತಾರೆ. ಆ ಅಕ್ಷರಗಳನ್ನು ಗಮನವಿಟ್ಟು ನೋಡಿ. ನಾಲ್ಕೈದು ಪದಗಳು, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಇಂಥವರ ಕೈವಾಡವಿದೆಯೇ? ಇದರ ಹಿಂದೆ ವಿದೇಶಿ ಹಣವೇ? ಇವರಿಗೆ ದೇಶ ಬೇಡವೇ? ಕೇಳುವವನು ಏನನ್ನೂ ಹೇಳಿಲ್ಲ, ಆದ್ದರಿಂದ ಯಾವುದಕ್ಕೂ ಹೊಣೆಯಲ್ಲ. ಓದುವವನ ತಲೆಯಲ್ಲಿ ಮಾತ್ರ ಉತ್ತರವೊಂದು ಕಾಫಿ ಆರುವುದರೊಳಗೆ ತಯಾರಾಗಿರುತ್ತದೆ. ಇಡ್ಲಿ ತಟ್ಟೆ ಮುಗಿಸುವಷ್ಟರಲ್ಲಿ ಅದೇ ಪ್ರಶ್ನೆ ಐದಾರು ಸಲ ಹಾದುಹೋಗಿರುತ್ತದೆ. ಸತ್ಯಶೋಧಕನು ಇಲ್ಲಿ ಹಿಡಿಯುವುದಾದರೂ ಏನನ್ನು? ಪ್ರಶ್ನೆ ಸುಳ್ಳಾಗುವುದಿಲ್ಲ.

ವಾಹಿನಿಗಳು ಹೀಗಾಗಲು ಮಾಲೀಕರ ರಾಜಕೀಯವೊಂದೇ ಕಾರಣವಲ್ಲ, ಲೆಕ್ಕಾಚಾರವೂ ಕಾರಣ. ಯಾವ ವಾಹಿನಿಯನ್ನು ಎಷ್ಟು ಜನ ನೋಡುತ್ತಾರೆಂದು ಅಳೆಯುವ ಬಾರ್ಕ್ ಸಂಸ್ಥೆಯ ಮೀಟರುಗಳು 2020ರಲ್ಲಿ ಸುಮಾರು 44,000 ಮನೆಗಳಲ್ಲಿದ್ದವು. ಅವು ಸುಮಾರು 20 ಕೋಟಿ ಟಿವಿ ಮನೆಗಳ ಪ್ರತಿನಿಧಿಗಳು. ಅದರಲ್ಲಿ ಸುದ್ದಿ ನೋಡುವವರು ಕೆಲವೇ ಮಂದಿ, ಇಂಗ್ಲಿಷ್ ಸುದ್ದಿ ನೋಡುವವರು ಇನ್ನೂ ಕಡಿಮೆ. ಹೀಗಿರುವಾಗ ಕೆಲವೇ ಮನೆಗಳ ರಿಮೋಟು ಅತ್ತಿಂದಿತ್ತ ಆದರೂ ಜಾಹೀರಾತಿನ ಹಣದ ಹೊಳೆ ದಿಕ್ಕು ಬದಲಿಸುತ್ತದೆ. ಆ ವರ್ಷದ ಅಕ್ಟೋಬರ್‌ನಲ್ಲಿ ಮುಂಬಯಿ ಪೊಲೀಸರು ಟಿಆರ್‌ಪಿ ತಿರುಚಿದ ಆರೋಪದ ಪ್ರಕರಣವನ್ನು ಪ್ರಕಟಿಸಿದ ಮೇಲೆ ಸುದ್ದಿವಾಹಿನಿಗಳ ವಾರದ ಅಂಕಿಗಳು ನಿಂತು, 2022ರ ಮಾರ್ಚ್‌ನಲ್ಲಿ ಮತ್ತೆ ಶುರುವಾದವು. ಪ್ರಕರಣ ಮುಂದೆ ಕೋರ್ಟಿನಲ್ಲಿ ಹಿಂತೆಗೆಯಲ್ಪಟ್ಟಿತು, ಆ ಮಾತು ಬೇರೆ. ನನಗೆ ಕುತೂಹಲ ಹುಟ್ಟಿಸಿದ್ದೆಂದರೆ, ಅಂಕಿಗಳಿಲ್ಲದ ಆ ಒಂದೂವರೆ ವರ್ಷದಲ್ಲಿಯೂ ಚೀರಾಟ ಕಡಿಮೆಯಾಗಲಿಲ್ಲ ಎಂಬುದು. ಅಭ್ಯಾಸ ಬಲವಾಗಿಬಿಟ್ಟಿತ್ತು.

ಇನ್ನು ಕೈಯಲ್ಲಿನ ಫೋನು. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಐವರು ಅಲೆಮಾರಿಗಳನ್ನು ಜನ ಹೊಡೆದು ಕೊಂದರು. ಅಂಥ ಸಾವುಗಳ ಸರಣಿಯ ನಂತರವೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿದ್ದು. 2020ರ ಏಪ್ರಿಲ್ 16ರ ರಾತ್ರಿ ಪಾಲ್ಘರ್ ಜಿಲ್ಲೆಯ ಗಡಚಿಂಚಲೆಯಲ್ಲಿ, ಕಾಂದಿವಲಿಯಿಂದ ಸೂರತ್ತಿಗೆ ಹೊರಟಿದ್ದ ಇಬ್ಬರು ಸಾಧುಗಳನ್ನೂ ಅವರ ಚಾಲಕನನ್ನೂ ಗುಂಪೊಂದು ಕೊಂದಾಗ ಆ ಪ್ರದೇಶದಲ್ಲಿ ಕೆಲವು ದಿನಗಳಿಂದ ಹರಿದಾಡುತ್ತಿದ್ದುದೂ ಕಳ್ಳರ ವದಂತಿಯೇ. ಆದರೆ ಎರಡು ದಿನ ಕಳೆಯುವುದರೊಳಗೆ ಆ ಹತ್ಯೆಗೆ ಕೋಮುಬಣ್ಣ ಹಚ್ಚಿದ ಸಂದೇಶಗಳು ನಮ್ಮ ಸಂಘದ ಗುಂಪಿನಲ್ಲಿ, ಸತ್ಯನಾರಾಯಣ ಪೂಜೆಯ ಆಮಂತ್ರಣದ ಮತ್ತು ಯಕ್ಷಗಾನದ ವಿಡಿಯೊದ ನಡುವೆ, ಬರತೊಡಗಿದವು. ಏಪ್ರಿಲ್ 22ರಂದು ರಾಜ್ಯದ ಗೃಹಸಚಿವರು ಬಂಧಿತರಾದ 101 ಜನರ ಹೆಸರುಗಳನ್ನೇ ಬಿಡುಗಡೆ ಮಾಡಿ, ಇದರಲ್ಲಿ ಒಬ್ಬ ಮುಸ್ಲಿಮನೂ ಇಲ್ಲ ನೋಡಿ ಎಂದರು. ಒಂದು ಸರ್ಕಾರ ಆರೋಪಿಗಳ ಹೆಸರುಗಳನ್ನು ಧರ್ಮದ ಪುರಾವೆಯಾಗಿ ಜನರ ಮುಂದಿಡಬೇಕಾದ ಸ್ಥಿತಿ ಬಂದದ್ದೇ ದುಃಖದ ವಿಷಯ. ಅದಕ್ಕಿಂತಲೂ ನನ್ನನ್ನು ಕಾಡಿದ್ದು ಇದು: ಆ 101 ಹೆಸರುಗಳು ನಮ್ಮ ಗುಂಪಿಗೆ ಬರಲೇ ಇಲ್ಲ. ನಾನು ಹಾಕಿದಾಗ ಒಬ್ಬ ಹಿರಿಯರು, "ಇದೆಲ್ಲ ರಾಜಕೀಯ, ಸಂಘದ ಗುಂಪಿನಲ್ಲಿ ಬೇಡ ಮಾರಾಯ್ರೇ" ಎಂದರು. ಮೊದಲು ಬಂದ ಸಂದೇಶಗಳು ರಾಜಕೀಯವೆಂದು ಅವರಿಗೆ ಅನಿಸಿರಲಿಲ್ಲ. ಅವರು ಕೆಟ್ಟವರಲ್ಲ, ಪ್ರತಿವರ್ಷ ಊರಿನ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಿಸುವವರು. ಮೊದಲು ಬಂದದ್ದು ಅವರಿಗೆ ಸುದ್ದಿ, ಅದಕ್ಕೆ ಬಂದ ಉತ್ತರ ರಾಜಕೀಯ.

ಸರ್ಕಾರವೇ ಸುಳ್ಳನ್ನು ತಡೆಯಲಿ ಎಂಬ ಒತ್ತಾಯ ಇಂಥ ಘಟನೆಗಳಿಂದಲೇ ಹುಟ್ಟುತ್ತದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಐಟಿ ನಿಯಮಗಳಿಗೆ ತಿದ್ದುಪಡಿ ತಂದು, ತನ್ನ ಕೆಲಸಕಾರ್ಯಗಳಿಗೆ ಸಂಬಂಧಿಸಿದ ಯಾವ ಮಾಹಿತಿ ಸುಳ್ಳು ಅಥವಾ ದಾರಿತಪ್ಪಿಸುವಂಥದ್ದು ಎಂದು ತನ್ನದೇ ಸತ್ಯಶೋಧನಾ ಘಟಕ ಗುರುತಿಸುವ ಏರ್ಪಾಡು ಮಾಡಿತು. ಹಾಗೆ ಗುರುತಿಸಿದ್ದನ್ನು ತೆಗೆಯದ ಸಾಮಾಜಿಕ ಜಾಲತಾಣ ಕಾನೂನಿನ ರಕ್ಷಣೆ ಕಳೆದುಕೊಳ್ಳುತ್ತಿತ್ತು. ಹಾಸ್ಯಗಾರ ಕುನಾಲ್ ಕಾಮ್ರಾ, ಎಡಿಟರ್ಸ್ ಗಿಲ್ಡ್ ಮೊದಲಾದವರು ಮುಂಬಯಿ ಹೈಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಗಿ, ಸೆಪ್ಟೆಂಬರ್ 20ರಂದು ಮೂರನೆಯ ನ್ಯಾಯಮೂರ್ತಿ ಎ. ಎಸ್. ಚಂದೂರ್ಕರ್ ಆ ನಿಯಮ ಸಂವಿಧಾನಬಾಹಿರವೆಂದರು. ನಾನು ತೀರ್ಪಿನ ಪರವಾಗಿದ್ದೇನೆ. ತನ್ನ ಬಗೆಗಿನ ಮಾತು ತಪ್ಪೆಂದು ಸರ್ಕಾರಕ್ಕೆ ಅನಿಸಿದರೆ ಉತ್ತರ ಕೊಡಲು ಅದಕ್ಕೆ ಆಕಾಶವಾಣಿ, ದೂರದರ್ಶನಗಳಿವೆ, ಪುಟದಗಲದ ಜಾಹೀರಾತುಗಳಿವೆ, ವಾರ್ತಾ ಇಲಾಖೆಗಳಿವೆ. ಈ ದೇಶದಲ್ಲಿ ಉತ್ತರ ತಲುಪಿಸುವ ದಾರಿ ಎಂದೂ ಮುಚ್ಚಿಹೋಗದ ಒಬ್ಬನೇ ಒಬ್ಬ ವಾದಿಯಿದ್ದರೆ ಅದು ಸರ್ಕಾರ.

ದಾರಿ ಬೇಕಾಗಿರುವುದು ಉಳಿದವರಿಗೆ, ಮತ್ತು ಅದಕ್ಕೆ ಬೇಕಾದ ನಿಯಮ ಹೊಸದೇನೂ ಅಲ್ಲ. ತಪ್ಪು ಅಚ್ಚಾದರೆ ತಿದ್ದುಪಡಿಯನ್ನು ಎದ್ದುಕಾಣುವಂತೆ ಪ್ರಕಟಿಸಬೇಕು, ದೂಷಣೆಗೆ ಒಳಗಾದವನ ಉತ್ತರಕ್ಕೆ ಜಾಗ ಕೊಡಬೇಕು ಎಂದು ಪ್ರೆಸ್ ಕೌನ್ಸಿಲಿನ ಆಚಾರಸಂಹಿತೆಯಲ್ಲೇ ಇದೆ. ಆದರೆ 1978ರ ಕಾಯಿದೆಯ ಪ್ರಕಾರ ಕೌನ್ಸಿಲ್ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ, ಟಿವಿಯಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ. ಮುಖಪುಟದ ಐದು ಕಾಲಂ ಸುದ್ದಿಯ ತಿದ್ದುಪಡಿ ಅದೇ ಮುಖಪುಟದಲ್ಲಿ ಅಷ್ಟೇ ಅಗಲದಲ್ಲಿ ಬರಲಿ, ವಾಹಿನಿಯ ಕೆಂಪು ಪಟ್ಟಿಯ ತಿದ್ದುಪಡಿ ಅದೇ ಪಟ್ಟಿಯಲ್ಲಿ ಅಷ್ಟೇ ಸಲ ಓಡಲಿ ಎಂದು ಕಾನೂನು ಮಾಡಿದರೆ ಯಾರ ಬಾಯಿಯನ್ನೂ ಮುಚ್ಚಿದಂತಾಗುವುದಿಲ್ಲ. ಸದ್ಯಕ್ಕೆ ನಾನು ಓದುವ ಪತ್ರಿಕೆಗಳಲ್ಲಿ ತಿದ್ದುಪಡಿಗಳು ಒಳಪುಟದಲ್ಲಿ, ಕಳೆದುಹೋದ ಷೇರುಪತ್ರದ ಪ್ರಕಟಣೆಗಳ ಮತ್ತು ಟೆಂಡರು ನೋಟೀಸುಗಳ ನೆರೆಯಲ್ಲಿ, ಬರುತ್ತವೆ.